ಏಡಿ ಫ್ಲೈ ಕಟ್ಟುವುದು, ಬೀಳಿಸುವುದು: ಉಡುಪಿ–ಮಂಗಳೂರಿನ ಅಳಿವೆಗಳಿಗೆ ಸಮಗ್ರ ಮಾರ್ಗದರ್ಶಿ

ಫ್ಲೈ ಅಂದರೆ ಗಾಳಕ್ಕೆ ನೂಲು, ಗರಿ ಕಟ್ಟಿ ಮಾಡಿದ ಕೃತಕ ಎರೆ. ಏಡಿ ಫ್ಲೈ ನೋಡಲು ಏಡಿಯಂತೆ ಇರದಿದ್ದರೂ ನಡೆಯುತ್ತದೆ. ಬೀಳುವುದು ಮಾತ್ರ ಏಡಿಯಂತೆಯೇ ಇರಬೇಕು. ಕಣ್ಣು, ಕೊಂಬು (ಇಕ್ಕಳದಂತಹ ಮುಂಗಾಲು), ಚಿಪ್ಪಿನ ಚುಕ್ಕೆ ಎಲ್ಲಾ ಇಟ್ಟು ಮಾಡಿದ ಚಂದದ ಫ್ಲೈಗಳು ಆನ್‌ಲೈನ್ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಎಷ್ಟೋ ನೀರಿಗೆ ಬಿದ್ದ ಮೇಲೆ ಒಣ ಎಲೆಯ ಹಾಗೆ ಓಲಾಡುತ್ತಾ ಇಳಿಯುತ್ತವೆ. ಹಾಗೆ ಇಳಿಯುವ ಏಡಿಯನ್ನು ಯಾವ ಮೀನೂ ನೋಡಿರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಅಲಂಕಾರಕ್ಕಿಂತ ತೂಕದ ಮಾತೇ ಜಾಸ್ತಿ.

ಫ್ಲೈ ಫಿಶಿಂಗ್ ಅಂದರೆ ಕೊಡಗಿನ ಹೊಳೆ, ಮಹಶೀರ್ ಅಂತಲೇ ನಮ್ಮಲ್ಲಿ ಹೆಚ್ಚಿನವರ ಲೆಕ್ಕ. ಆದರೆ ಉಪ್ಪುನೀರಿನಲ್ಲಿ ಏಡಿ ಫ್ಲೈಗೆ ದೊಡ್ಡ ಚರಿತ್ರೆ ಉಂಟು. ಫ್ಲೋರಿಡಾದ ತೆಳುನೀರಿನ ಹಾಸುಗಳಲ್ಲಿ ಪರ್ಮಿಟ್ ಎಂಬ ಮೀನು ಫ್ಲೈ ಹಿಡಿಯುವವರನ್ನು ವರ್ಷಗಟ್ಟಲೆ ಸತಾಯಿಸಿತ್ತು. 1980ರ ದಶಕದಲ್ಲಿ ಡೆಲ್ ಬ್ರೌನ್ ಎಂಬವರು ಉಲ್ಲನ್ ನೂಲು, ರಬ್ಬರ್ ಕಾಲು, ಸೀಸದ ಕಣ್ಣು ಸೇರಿಸಿ ಮರ್ಕಿನ್ ಎಂಬ ಏಡಿ ಫ್ಲೈ ಮಾಡಿದರು. ಅವರು ತಮ್ಮ ಜೀವನದಲ್ಲಿ ಫ್ಲೈನಿಂದ ಹಿಡಿದ ಪರ್ಮಿಟ್‌ಗಳ ಲೆಕ್ಕ 513. ಆಮೇಲೆ ಸೀಶೆಲ್ಸ್‌ನ ಆಲ್ಫಾನ್ಸ್ ದ್ವೀಪದವರು ಹೆಣೆದ ನಳಿಕೆಯಿಂದ ಚಪ್ಪಟೆ ಚಿಪ್ಪು ಮಾಡಿ ಆಲ್ಫ್ಲೆಕ್ಸೋ ಏಡಿಯನ್ನು ತಂದರು. ಪರ್ಮಿಟ್‌ನ ಹತ್ತಿರದ ನೆಂಟ ಪೊಂಪಾನೋ ನಮ್ಮ ಅರಬ್ಬೀ ಸಮುದ್ರದಲ್ಲೂ ಇದೆ. ಅದರ ಜೊತೆಗೆ ಅಳಿವೆಯ ಕೆಂಬೇರಿ, ಕಲ್ಲಿನ ಸಂದಿನ ಮುರು ಮೀನು, ಬ್ರೀಮ್, ಕೊಕ್ಕರ್ ಎಲ್ಲವೂ ಏಡಿ ತಿನ್ನುತ್ತವೆ. ದೆಂಜಿ (ಏಡಿ) ಸುಕ್ಕ ನಮಗೆ ಮಾತ್ರ ಇಷ್ಟ ಅಂದುಕೊಳ್ಳಬೇಡಿ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಅಲ್ಲಿಯ ನೀರು ಗಾಜಿನಷ್ಟು ಸ್ವಚ್ಛ, ಮೀನು ಕಣ್ಣಿಗೆ ಕಾಣುತ್ತದೆ. ನಮ್ಮ ಅಳಿವೆ ನೀರು ಹಸಿರು, ಕೆಲವೊಮ್ಮೆ ಕಂದು. ಮೀನನ್ನು ನೋಡಿ ಎಸೆಯುವ ಭಾಗ್ಯ ಅಪರೂಪ. ಹಾಗಾಗಿ ಅಲ್ಲಿಯ ವಿಡಿಯೋ ನೋಡಿ ಇಲ್ಲಿ ಹಾಗೆಯೇ ಮಾಡಲು ಹೋದರೆ ಕೈ ನೋವು ಮಾತ್ರ ಸಿಗುತ್ತದೆ.

ಮೊದಲು ಜೀವಂತ ಏಡಿ ನೋಡಿ

ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಜೀವ ಇರುವ ಒಂದು ಸಣ್ಣ ಏಡಿ ಕೇಳಿ ತನ್ನಿ. ಅಗಲವಾದ ಟಬ್ಬಿನಲ್ಲಿ ನಾಲ್ಕು ಬೆರಳು ದಪ್ಪ ಮರಳು ಹಾಕಿ, ಕಡಲ ನೀರು ತುಂಬಿ, ಏಡಿಯನ್ನು ಬಿಡಿ. ಸ್ವಲ್ಪ ಹೊತ್ತು ಸುಮ್ನೆ ಕೂತು, ಆಮೇಲೆ ಕೋಲಿನಿಂದ ನೀರನ್ನು ಕದಡಿ.

ಬೆನ್ನಿನ ಮೇಲೆ ಮೂರು ಕೆಂಗಂದು ಚುಕ್ಕೆ ಇರುವ ಕಡಲ ಏಡಿಯಾದರೆ ಮೊದಲು ಅಡ್ಡಡ್ಡ ಜಾರುತ್ತದೆ. ಕೊಂಬು ಎರಡೂ ಮೇಲೆ ಏಳುತ್ತವೆ. ಬೆದರಿಕೆ ಮುಂದುವರಿದರೆ ಹಿಂಭಾಗವನ್ನು ಮರಳಿಗೆ ಒತ್ತುತ್ತದೆ. ದೋಣಿಯ ಹುಟ್ಟಿನಂತೆ ಅಗಲವಾದ ಕೊನೆಯ ಜೋಡಿ ಕಾಲುಗಳು ಮರಳನ್ನು ತಳ್ಳುತ್ತವೆ. ಚಿಪ್ಪು ವಾಲುತ್ತದೆ, ಮರಳು ಅಂಚಿನಿಂದ ಒಳಗೆ ಕುಸಿಯುತ್ತದೆ. ಕೆಲವೇ ಕ್ಷಣಗಳಲ್ಲಿ ಎರಡು ಕಣ್ಣು, ಕೊಂಬಿನ ತುದಿ ಬಿಟ್ಟರೆ ಏನೂ ಕಾಣುವುದಿಲ್ಲ. ನೀರಿನ ನಡುವೆ ಈಜುತ್ತಿದ್ದ ಏಡಿಯಾದರೂ ಹೆದರಿದಾಗ ಓಡುವ ದಿಕ್ಕು ಒಂದೇ: ಓರೆಯಾಗಿ ಕೆಳಗೆ.

ಮೀನು ಕಾಯುವುದು ಈ ಕ್ಷಣಕ್ಕೆ. ಮರಳಿನೊಳಗೆ ಹೋದ ಮೇಲೆ ಊಟ ಕೈತಪ್ಪಿತು ಅಂತ ಅದಕ್ಕೆ ಗೊತ್ತು. ಫ್ಲೈ ಈ ಕೊನೆಯ ಓಟವನ್ನು ತೋರಿಸಿದರೆ ಸಾಕು.

ಏಡಿಯನ್ನು ಮಗುಚಿ ಹೊಟ್ಟೆಯನ್ನೂ ನೋಡಿ. ಬೆನ್ನು ಯಾವ ಬಣ್ಣವಾದರೂ ಹೊಟ್ಟೆ ಬಿಳಿ, ಇಲ್ಲವೇ ಕೆನೆ ಬಣ್ಣ. ಇದು ಕಟ್ಟುವಾಗ ಬೇಕಾಗುತ್ತದೆ. ಅಳಿವೆಯ ಕೆಸರಿನಲ್ಲಿ ಸಿಗುವ ದಪ್ಪ ಏಡಿಯ ಬೆನ್ನು ಕಡು ಹಸಿರು, ಕಂದು. ಮರುವಾಯಿ (ಚಿಪ್ಪುಮೀನು) ಹೆಕ್ಕುವ ಮರಳು ದಿಬ್ಬಗಳಲ್ಲಿರುವ ಸಣ್ಣ ಏಡಿಗಳು ಮರಳಿನದೇ ಬಣ್ಣ. ನೀವು ಎಲ್ಲಿ ಗಾಳ ಹಾಕುತ್ತೀರೋ ಅಲ್ಲಿಯ ನೆಲದ ಬಣ್ಣಕ್ಕಿಂತ ಒಂದು ಪಾಲು ಕಪ್ಪಾಗಿ ಫ್ಲೈ ಕಟ್ಟಿ. ಕದಡಿದ ನೀರಿನಲ್ಲಿ ತಿಳಿ ಬಣ್ಣಕ್ಕಿಂತ ಕಡು ಬಣ್ಣದ ಆಕಾರವೇ ಚೆನ್ನಾಗಿ ಕಾಣುತ್ತದೆ.

ಸಾಮಾನು

ಗಾಳ 2 ಅಥವಾ 1/0 ಸೈಜಿನದು, ಉಪ್ಪುನೀರಿಗೆ ಮಾಡಿದ್ದೇ ಆಗಬೇಕು. ಮಸ್ಟಾಡ್ 34007 ಸ್ಟೇನ್‌ಲೆಸ್, ಕಲಿಯುವವರಿಗೆ ಸಾಕು. ಗಮಕತ್ಸು ಎಸ್‌ಎಲ್12ಎಸ್ ಇನ್ನೂ ಚೂಪು, ಬೆಲೆಯೂ ಹಾಗೆ. ದಾರ 210 ಡೀನಿಯರ್‌ನ ಚಪ್ಪಟೆ ನೈಲಾನ್. ತೂಕಕ್ಕೆ ಡಂಬೆಲ್ ಕಣ್ಣುಗಳು (ಎರಡು ತುದಿಗೆ ಗುಂಡು ಇರುವ ಲೋಹದ ತುಂಡು): ಅರ್ಧ ಗ್ರಾಂನಿಂದ ಒಂದು ಗ್ರಾಂ ಸುಮಾರಿನ ಎರಡು ಮೂರು ಅಳತೆ ಇಟ್ಟುಕೊಳ್ಳಿ. ಮೊಣಕಾಲಿಗಿಂತ ಕಡಿಮೆ ನೀರಿಗೆ ವಾಶ್‌ಬೇಸಿನ್ ಮುಚ್ಚಳದ ಮಣಿ ಸರಪಳಿಯಿಂದ ಎರಡು ಮಣಿ ಕತ್ತರಿಸಿದರೂ ನಡೆಯುತ್ತದೆ.

ಮೈಗೆ ಹೆಣಿಗೆಯ ಉಲ್ಲನ್ ನೂಲು. ಕಂದು ಮತ್ತು ಗೋಧಿ ಬಣ್ಣ ಒಂದೊಂದು ಉಂಡೆ ತಂದರೆ ವರ್ಷಗಟ್ಟಲೆ ಬರುತ್ತದೆ. ಕೊಂಬಿಗೆ ಊರ ಹುಂಜದ ಕುತ್ತಿಗೆಯ ಗರಿ. ತುಳುನಾಡಿನಲ್ಲಿ ಒಳ್ಳೆ ಹುಂಜಕ್ಕೆ ಬರ ಇಲ್ಲ, ಕೋಳಿ ಅಂಕಕ್ಕೆ ಹೋಗಿ ಪದಾರ್ಥವಾದ ಹುಂಜದ ಗರಿ ಯಾರ ಮನೆಯಲ್ಲಾದರೂ ಕೇಳಿದರೆ ಸಿಗುತ್ತದೆ. ಸೋಪು ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ನುಸಿಗುಳಿಗೆ ಜೊತೆ ಡಬ್ಬಿಯಲ್ಲಿಡಿ. ಕಾಲಿಗೆ ಸಿಲಿಕೋನ್ ಎಳೆಗಳೇ ಒಳ್ಳೆಯದು. ಕಿರಾಣಿ ಅಂಗಡಿಯ ರಬ್ಬರ್ ಬ್ಯಾಂಡ್ ಕೈ ಪಳಗಿಸಲು ಸರಿ, ಆದರೆ ನಮ್ಮ ಸೆಖೆಗೆ ಎರಡು ತಿಂಗಳಲ್ಲಿ ಅಂಟಂಟಾಗಿ ತುಂಡಾಗುತ್ತದೆ. ಇನ್ನು ಸೂಪರ್ ಗ್ಲೂ, ಹಳೆ ಟೂತ್‌ಬ್ರಶ್, ಚೂಪು ಕತ್ತರಿ, ಪರ್ಮನೆಂಟ್ ಮಾರ್ಕರ್. ಗಾಳವನ್ನು ಹಿಡಿಯುವ ವೈಸ್ ಮಾತ್ರ ಆನ್‌ಲೈನ್‌ನಲ್ಲಿ ತರಿಸಬೇಕು, ಅಗ್ಗದ್ದು ಸಾಕು.

ಕಟ್ಟುವ ಕ್ರಮ

ಗಾಳದ ಒಳಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಭಾರದ ಫ್ಲೈ ನಿಮ್ಮ ಕಿವಿಗೋ ಬೆನ್ನಿಗೋ ಕಚ್ಚುವ ದಿನ ಇದರ ಬೆಲೆ ಗೊತ್ತಾಗುತ್ತದೆ.

ಗಾಳವನ್ನು ವೈಸ್‌ಗೆ ಸಿಕ್ಕಿಸಿ, ಗಾಳದ ಕಣ್ಣಿನ (ದಾರ ಕಟ್ಟುವ ತೂತಿನ) ಹಿಂದಿನಿಂದ ಬಾಗುವ ಜಾಗದವರೆಗೆ ದಾರ ಸುತ್ತಿ. ಈಗ ಡಂಬೆಲ್. ಗಾಳದ ಕಣ್ಣಿನಿಂದ ಒಂದು ಸಣ್ಣ ಬೆರಳಿನ ಉಗುರಿನಷ್ಟೂ ಇಲ್ಲ, ಅದರ ಅರ್ಧ ದೂರ ಬಿಡಿ. ಗಾಳದ ಮೊನೆ ಕೆಳಗಿದ್ದರೆ ಡಂಬೆಲ್ ಗಾಳದ ಕಾಂಡದ (ನೇರ ಭಾಗದ) ಮೇಲ್ಬದಿಗೆ ಬರಬೇಕು. ನೀರಿಗೆ ಬಿದ್ದಾಗ ಭಾರದ ಬದಿ ಅಡಿಯಾಗುತ್ತದೆ, ಮೊನೆ ಮೇಲಕ್ಕೆ ತಿರುಗುತ್ತದೆ. ಆಗ ತಳದ ಕಲ್ಲು, ಬೇರು, ಮುರು (ಆಯ್ಸ್ಟರ್) ಚಿಪ್ಪಿಗೆ ಸಿಕ್ಕುವುದು ಕಡಿಮೆ. ಎಂಟರ ಆಕಾರದಲ್ಲಿ ಹತ್ತು ಹನ್ನೆರಡು ಸುತ್ತು ಬಿಗಿಯಾಗಿ ಹಾಕಿ. ಆಮೇಲೆ ಡಂಬೆಲ್ ಮತ್ತು ಕಾಂಡದ ನಡುವೆ ಅಡ್ಡ ಸುತ್ತು ಹಾಕಿ ಎಳೆದರೆ ಎಲ್ಲಾ ಬಿಗಿಯಾಗುತ್ತದೆ. ಒಂದು ಹನಿ ಗ್ಲೂ. ಬೆರಳಲ್ಲಿ ತಿರುಗಿಸಿ ನೋಡಿ. ಅಲುಗಿದರೆ ಬಿಚ್ಚಿ ಮತ್ತೆ ಕಟ್ಟಿ, ಯಾಕೆಂದರೆ ವಾಲಿದ ಡಂಬೆಲ್ ಇಡೀ ಫ್ಲೈಯನ್ನು ಗಿರಕಿ ಹೊಡೆಸುತ್ತದೆ.

ಬಾಗುವ ಜಾಗದಲ್ಲಿ ದಾರದಿಂದ ಒಂದು ಸಣ್ಣ ಗುಬ್ಬಿ (ಉಂಡೆ) ಮಾಡಿ. ಅದರ ಎರಡೂ ಬದಿಗೆ ಒಂದೊಂದು ಜೋಡಿ ಗರಿತುದಿ ಕಟ್ಟಿ, ಬಾಗು ಹೊರಮುಖವಾಗಿರಲಿ. ಗುಬ್ಬಿ ಇರುವುದರಿಂದ ಅವು ಇಂಗ್ಲಿಷ್ ವಿ ಅಕ್ಷರದಂತೆ ತೆರೆದುಕೊಳ್ಳುತ್ತವೆ. ಇವೇ ಕೊಂಬುಗಳು. ಉದ್ದ ಗಾಳದ ಉದ್ದವನ್ನು ಮೀರಬಾರದು. ಮಿಂಚಿನ ಎಳೆ ಒಂದೆರಡು ಸೇರಿಸಬಹುದು, ನನಗೇನೋ ಅದು ಇಲ್ಲದೆಯೂ ಸರಿ ಅನಿಸುತ್ತದೆ.

ಈಗ ಮೈ. ಉಲ್ಲನ್ ನೂಲನ್ನು 4 ಸೆಂಟಿಮೀಟರ್ ತುಂಡು ಮಾಡಿ. ಒಂದು ತುಂಡನ್ನು ಕಾಂಡಕ್ಕೆ ಅಡ್ಡವಾಗಿ ಡಂಬೆಲ್ ಇರುವ ಬದಿಗೇ ಇಟ್ಟು, ನಡುವೆ ಎಂಟರ ಆಕಾರದ ಎರಡು ಮೂರು ಸುತ್ತು ಹಾಕಿ. ಮೊನೆ ಇರುವ ಬದಿಗೆ ಕಟ್ಟಿದರೆ ಗಾಳದ ಬಾಯಿ ಮುಚ್ಚುತ್ತದೆ, ಮೀನು ಕಚ್ಚಿದರೂ ಚುಚ್ಚುವುದಿಲ್ಲ. ಕಂದು, ಗೋಧಿ, ಕಂದು, ಗೋಧಿ ಹೀಗೆ ಪಟ್ಟೆಪಟ್ಟೆಯಾಗಿ ಮುಂದಕ್ಕೆ ಬನ್ನಿ. ಪ್ರತಿ ತುಂಡನ್ನೂ ಹಿಂದಿನದಕ್ಕೆ ಉಗುರಿನಿಂದ ಒತ್ತಿ. ಡಂಬೆಲ್ ಮುಟ್ಟುವ ಹೊತ್ತಿಗೆ ಏಳೆಂಟು ತುಂಡು ಆಗಿರುತ್ತದೆ. ದಾರವನ್ನು ಡಂಬೆಲ್‌ನ ಮುಂದೆ ತಂದು ಗಂಟು ಹಾಕಿ.

ಟೂತ್‌ಬ್ರಶ್‌ನಿಂದ ನೂಲನ್ನು ಎರಡೂ ಬದಿಗೆ ಬಾಚಿ. ಎಳೆ ಬಿಚ್ಚಿಕೊಂಡು ಒಂದೇ ಹಾಳೆಯಾಗುವವರೆಗೆ ಬಾಚಬೇಕು. ಇಲ್ಲಿ ಅವಸರ ಮಾಡಿದರೆ ಏಡಿಯ ಬದಲು ಕಂಬಳಿಹುಳ ಆಗುತ್ತದೆ. ಆಮೇಲೆ ಕತ್ತರಿ. ಅಳತೆಗೆ 10 ರೂಪಾಯಿ ನಾಣ್ಯ ಪಕ್ಕದಲ್ಲಿಡಿ, ಅದರ ಅಗಲ 27 ಮಿಲಿಮೀಟರ್. ಅಷ್ಟೇ ಸಾಕು, ಅದಕ್ಕಿಂತ ಸಣ್ಣದಾದರೂ ಒಳ್ಳೆಯದು. ದೊಡ್ಡ ಏಡಿಗೆ ದೊಡ್ಡ ಮೀನು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೊಂಬು ಗಟ್ಟಿಯಾದ ದೊಡ್ಡ ಏಡಿಯ ಸಹವಾಸ ಮೀನಿಗೂ ಬೇಡ. ಮೊದಲು ಎರಡು ಬದಿ ಕತ್ತರಿಸಿ, ಆಮೇಲೆ ಮೂಲೆ ದುಂಡಗೆ ಮಾಡಿ. ಮೇಲೆ ಕೆಳಗೆ ಎದ್ದ ಎಳೆಗಳನ್ನು ಸವರಿ ಚಪ್ಪಟೆ ಮಾಡಿ.

ಕಾಲುಗಳನ್ನು ಈಗ ಹಾಕಿ. ಆರು ಸೆಂಟಿಮೀಟರ್ ಉದ್ದದ ಸಿಲಿಕೋನ್ ಎಳೆಯನ್ನು ಎರಡು ನೂಲುಗಳ ನಡುವಿನ ಸಂದಿಗೆ ಇಳಿಸಿ, ಕಾಂಡದ ಸುತ್ತ ಒಂದು ಸಾದಾ ಗಂಟು ಬಿಗಿಯಿರಿ. ಒಂದು ಎಳೆಗೆ ಎರಡು ಕಾಲು. ಮೂರು ಎಳೆ ಸಾಕು. ಗಂಟಿಗೆ ಗ್ಲೂ ತಾಗಿಸಿ. ಕಾಲು ಚಿಪ್ಪಿನಿಂದ ಒಂದು ಸೆಂಟಿಮೀಟರ್ ಹೊರಗಿರಲಿ, ತುದಿಗೆ ಮಾರ್ಕರ್‌ನಲ್ಲಿ ಕೆಂಪು ಹಚ್ಚಿ. ಉದ್ದ ಕಾಲು ನೋಡಲು ಚಂದ, ಆದರೆ ನೀರಿನಲ್ಲಿ ಬ್ರೇಕ್ ಹಾಕುತ್ತದೆ.

ಡಂಬೆಲ್ ಬದಿಗೆ, ಅಂದರೆ ಹೊಟ್ಟೆಗೆ, ತೆಳುವಾಗಿ ಫ್ಯಾಬ್ರಿಕ್ ಗ್ಲೂ ಸವರಿ. ಒಣಗಿದ ಮೇಲೆ ಬಿಳಿ ಉಗುರು ಬಣ್ಣದ ಒಂದು ಪದರ. ಚಿಪ್ಪು ಸ್ವಲ್ಪ ಗಟ್ಟಿಯಾಗುತ್ತದೆ, ಹೊಟ್ಟೆಯ ಬಿಳುಪೂ ಬರುತ್ತದೆ. ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬೇರಿನ ಹತ್ತಿರ ಹಾಕುವ ಫ್ಲೈಯಾದರೆ ಗಾಳದ ಕಣ್ಣಿನ ಹಿಂದೆ 20 ಪೌಂಡಿನ ಮೊನೊ (ನೈಲಾನ್ ಗಾಳದಾರ) ತುಂಡೊಂದನ್ನು ವಿ ಆಕಾರದಲ್ಲಿ, ಮೊನೆಗೆ ಅಡ್ಡವಾಗಿ ಕಟ್ಟಿ. ಬೇರು, ಪ್ಲಾಸ್ಟಿಕ್ ಚೀಲ ಎರಡರಿಂದಲೂ ಅದು ಕಾಯುತ್ತದೆ. ಎರಡನೆಯದು ನಮ್ಮ ಹೊಳೆಗಳಲ್ಲಿ ಬೇರಿಗಿಂತ ಜಾಸ್ತಿ, ಏನು ಮಾಡುವುದು ಮಾರಾಯ್ರೆ.

ಬಕೆಟ್ ಪರೀಕ್ಷೆ

ಇದನ್ನು ಬಿಡಬೇಡಿ. ಬಕೆಟ್ ತುಂಬಾ ನೀರು ತುಂಬಿ. ಫ್ಲೈಯನ್ನು ಒಮ್ಮೆ ಹಿಂಡಿ ಒದ್ದೆ ಮಾಡಿ, ಒಣ ನೂಲಲ್ಲಿ ಗಾಳಿ ಇರುತ್ತದೆ. ಒಂದು ಅಡಿ ತೆಳು ತುದಿದಾರ, ಅಂದರೆ ಲೀಡರ್‌ಗೆ ಕಟ್ಟಿ ಮೇಲಿನಿಂದ ಬಿಡಿ. ಅದು ಡಂಬೆಲ್ ಮುಂದಾಗಿ, ಓರೆಯಾಗಿ, ನಿಲ್ಲದೆ ಇಳಿಯಬೇಕು. ತಳ ಮುಟ್ಟಿದಾಗ ಹೊಟ್ಟೆ ಕೆಳಗೆ, ಮೊನೆ ಮೇಲೆ, ಕೊಂಬು ಎತ್ತಿದ ಹಾಗೆ ಕೂರಬೇಕು.

ಗಿರಕಿ ಹೊಡೆದರೆ ಎರಡು ಬದಿಯ ನೂಲು ಸಮ ಇಲ್ಲ, ಅಥವಾ ಡಂಬೆಲ್ ಓರೆಯಾಗಿದೆ. ಓಲಾಡಿದರೆ ಚಿಪ್ಪು ದೊಡ್ಡದಾಗಿದೆ, ಇನ್ನೂ ಕತ್ತರಿಸಿ. ಮೊನೆ ಕೆಳಗಾಗಿ ಬಿದ್ದರೆ ಭಾರ ಸಾಲದು. ತೂಕ ಹೆಚ್ಚಿಸುವ ಮೊದಲು ಚಿಪ್ಪನ್ನು ಸಣ್ಣ ಮಾಡಿ ನೋಡಿ ಅಂತ ನನ್ನ ಸಲಹೆ. ತುಂಬಾ ಭಾರದ ಫ್ಲೈ ಎಸೆಯುವುದೂ ಕಷ್ಟ, ತೆಳುನೀರಲ್ಲಿ ಢಬ್ ಅಂತ ಬಿದ್ದು ಇದ್ದ ಮೀನನ್ನೂ ಓಡಿಸುತ್ತದೆ.

ರಾಡ್, ಲೈನ್, ಲೀಡರ್

9 ಅಡಿಯ 8 ವೇಟ್ (ರಾಡಿನ ಬಲದ ಅಳತೆ) ರಾಡ್ ಅಳಿವೆಗೆ ಸರಿ. ಕಡಲ ಬದಿಗೆ, ಕೊಕ್ಕರ್ ಆಸೆ ಇದ್ದರೆ 9 ಅಥವಾ 10. ಲೈನ್ (ಎಸೆಯುವ ದಪ್ಪ ದಾರ) ಟ್ರಾಪಿಕಲ್ ಅಂತ ಬರೆದಿರುವುದೇ ಇರಲಿ. ತಂಪು ದೇಶದ ಟ್ರೌಟ್ ಲೈನ್ ನಮ್ಮ ಬಿಸಿಲಿಗೆ ಮೆತ್ತಗಾಗಿ ರಾಡಿನ ಉಂಗುರಗಳಿಗೆ ಅಂಟುತ್ತದೆ. ತೇಲುವ ಲೈನೇ ಸಾಕು, ಇಳಿಯುವ ಕೆಲಸ ಫ್ಲೈನದ್ದು.

ಲೀಡರ್ 9ರಿಂದ 10 ಅಡಿ, ತುದಿಗೆ 20 ಪೌಂಡಿನ ಫ್ಲೋರೋಕಾರ್ಬನ್. ಕಾಂಡ್ಲ ಬೇರಿನ ಪಕ್ಕ ಕೆಂಬೇರಿಗೆ ಹೋಗುವುದಾದರೆ 30–40 ಪೌಂಡ್. ಕೆಂಬೇರಿಗೆ ಕೋರೆಹಲ್ಲೂ ಇದೆ, ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುವ ಬುದ್ಧಿಯೂ ಇದೆ. ಫ್ಲೈಯನ್ನು ಲೂಪ್ ಗಂಟಿನಿಂದ ಕಟ್ಟಿ. ಗಂಟು ಗಾಳದ ಕಣ್ಣನ್ನು ಬಿಗಿಯಾಗಿ ಹಿಡಿದರೆ ಫ್ಲೈ ಮೂಗು ಬಗ್ಗಿಸಿ ಬೀಳುವುದಿಲ್ಲ.

ಎಲ್ಲಿ, ಯಾವಾಗ

ಉಡುಪಿ ಕಡೆಯಾದರೆ ಕೋಡಿ ಬೆಂಗ್ರೆಯಿಂದ ಶುರು ಮಾಡಿ. ಸ್ವರ್ಣಾ, ಸೀತಾ ನದಿಗಳು ಸೇರಿ ಕಡಲಿಗೆ ಬೀಳುವ ಜಾಗ. ಅಳಿವೆ ಬಾಯಿಯಲ್ಲಿ ಸೆಳೆತ ಜೋರು, ಅಲ್ಲಿ ನಿಲ್ಲಬೇಡಿ. ಒಳಗೆ ಹೊಳೆ ಬದಿಯ ಮರಳು ದಿಬ್ಬ, ಅದರ ಅಂಚಿನ ಇಳಿಜಾರು, ಕಾಂಡ್ಲದ ಸಣ್ಣ ತೋಡುಗಳ ಬಾಯಿ, ಇವೇ ಏಡಿಯ ದಾರಿ. ಪಡುಕೆರೆಯ ಹಿಂದಿನ ಉದ್ಯಾವರ ಹೊಳೆಯೂ ಹಾಗೆ, ಕಡಲಿಗೆ ಸಮಾನಾಂತರವಾಗಿ ಹರಿಯುವುದರಿಂದ ಗಾಳಿಯಿಂದ ರಕ್ಷಣೆ ಉಂಟು. ದಕ್ಷಿಣಕ್ಕೆ ಬಂದರೆ ಶಾಂಭವಿ, ನಂದಿನಿ ಸೇರುವ ಹೆಜಮಾಡಿ–ಸಸಿಹಿತ್ಲು. ಮಂಗಳೂರಿನಲ್ಲಿ ನೇತ್ರಾವತಿ, ಫಲ್ಗುಣಿ ಸೇರುವ ಅಳಿವೆಬಾಗಿಲು ದೋಣಿಗಳ ಹೆದ್ದಾರಿ. ಅಲ್ಲಿ ಬೇಡ. ತಣ್ಣೀರುಬಾವಿಯ ಹೊಳೆ ಬದಿ, ಉಳ್ಳಾಲದ ಕೋಟೆಪುರ ಒಳಭಾಗ ನೋಡಿ.

ಬಲೆ ಬಿಟ್ಟ ಜಾಗ, ಪಂಜರ ಹಾಕಿ ಮೀನು ಸಾಕುವ ಜಾಗ ಬಿಟ್ಟು ದೂರ ನಿಲ್ಲಿ. ಮರುವಾಯಿ ಹೆಕ್ಕುವವರನ್ನು ಮಾತಾಡಿಸಿ. ತಳ ಎಲ್ಲಿ ಗಟ್ಟಿ, ಎಲ್ಲಿ ಹೂಳು, ಏಡಿ ಎಲ್ಲಿ ಕಾಲಿಗೆ ಸಿಗುತ್ತದೆ ಅಂತ ಯಾವ ಆ್ಯಪ್‌ಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು.

ಹೊತ್ತಿನ ವಿಷಯಕ್ಕೆ ಬಂದರೆ, ಇಳಿತದ ಕೊನೆಯ ಎರಡು ಗಂಟೆ ನನಗೆ ಎಲ್ಲಕ್ಕಿಂತ ಇಷ್ಟ. ಗದ್ದೆ, ಕಾಂಡ್ಲದೊಳಗೆ ಹರಡಿದ್ದ ನೀರು ತೋಡುಗಳ ಮೂಲಕ ಹೊರಬರುತ್ತದೆ, ಸಣ್ಣ ಏಡಿಗಳೂ ಜೊತೆಗೆ ಬರುತ್ತವೆ. ಮೀನು ತೋಡಿನ ಬಾಯಲ್ಲಿ ಕಾಯುತ್ತದೆ. ಉಬ್ಬರ ಮರಳುವಾಗ ಮೊದಲ ಒಂದು ಗಂಟೆ ಮರಳು ದಿಬ್ಬದ ಅಂಚು ಒಳ್ಳೆಯದು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಸೆಳೆತ ಜಾಸ್ತಿ, ಫ್ಲೈ ತಳ ಮುಟ್ಟುವ ಮೊದಲೇ ಕೊಚ್ಚಿಹೋಗುತ್ತದೆ. ಅಷ್ಟಮಿ ಹೊತ್ತಿಗೆ ನೀರು ಸತ್ತ ಹಾಗೆ. ಇವೆರಡರ ನಡುವಿನ ದಿನ ಆರಿಸಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಇವತ್ತಿನದು ಗೊತ್ತಿದ್ದರೆ ನಾಳಿನದು ಲೆಕ್ಕ ಹಾಕಬಹುದು.

ಮಳೆಗಾಲದಲ್ಲಿ ಹೊಳೆ ಕೆಂಪಾಗಿರುತ್ತದೆ, ಕಡಲು ಎದ್ದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ರಜೆ, 61 ದಿನ. ನೀವೂ ಮನೆಯಲ್ಲಿ ಕೂತು ಫ್ಲೈ ಕಟ್ಟಿ. ನೀರು ತಿಳಿಯಾಗುವುದು ನವೆಂಬರ್ ಮೇಲೆ. ಬೆಳಿಗ್ಗೆ ಘಟ್ಟದ ಕಡೆಯಿಂದ ಮೆಲ್ಲಗೆ ಗಾಳಿ, ಮಧ್ಯಾಹ್ನ ಕಡಲಿಂದ ಜೋರು ಗಾಳಿ. ಭಾರದ ಫ್ಲೈ ಎಸೆಯುವವರಿಗೆ ಬೆಳಗ್ಗೆಯೇ ಕ್ಷೇಮ.

ಎಸೆಯುವುದು, ಬೀಳಿಸುವುದು

ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ ಇಲ್ಲದೆ ಏಡಿ ಫ್ಲೈ ಬೀಸಬೇಡಿ. ಕೈ ನಿಧಾನ ಮಾಡಿ, ಹಿಂದಿನ ಬೀಸು ಪಕ್ಕದಿಂದ, ಮುಂದಿನದು ತಲೆ ಮೇಲಿನಿಂದ. ದಾರದ ಕುಣಿಕೆ ಅಗಲವಾಗಿರಲಿ. ಮೂರಕ್ಕಿಂತ ಹೆಚ್ಚು ಬೀಸು ಬೇಡ. 12–15 ಮೀಟರ್ ದೂರ ಸಾಕು, ನಮ್ಮ ನೀರಿನಲ್ಲಿ ದೂರಕ್ಕೆ ಎಸೆದು ಮೆರೆಯುವುದರಿಂದ ಲಾಭ ಇಲ್ಲ.

ಸೆಳೆತಕ್ಕೆ ಅಡ್ಡವಾಗಿ, ಸ್ವಲ್ಪ ಮೇಲ್ಬದಿಗೆ ಎಸೆಯಿರಿ. ರಾಡಿನ ತುದಿ ನೀರು ಮುಟ್ಟುವಷ್ಟು ಕೆಳಗಿರಲಿ. ಸಡಿಲ ದಾರ ಎಳೆದುಕೊಂಡು ಕಾಯಿರಿ. ಫ್ಲೈ ತಳ ಮುಟ್ಟಿದ್ದು ದಾರ ಒಮ್ಮೆ ಸೋತಾಗ ಗೊತ್ತಾಗುತ್ತದೆ. ಈಗ ಒಂದು ಗೇಣಿಗಿಂತ ಕಡಿಮೆ ಎಳೆಯಿರಿ. ನಿಲ್ಲಿಸಿ. ಅದು ಎದ್ದು ಮತ್ತೆ ಬೀಳಲಿ. ಮತ್ತೆ ಒಂದು ಎಳೆತ, ಮತ್ತೆ ನಿಲುಗಡೆ. ಸೀಗಡಿ ಫ್ಲೈ ಎಳೆದು ಅಭ್ಯಾಸ ಇರುವವರಿಗೆ ಇದು ಬೋರು ಹೊಡೆಸುತ್ತದೆ. ಆದರೆ ಕಚ್ಚುವುದು ಎಳೆಯುವಾಗ ಅಲ್ಲ, ಬೀಳುವಾಗ. ಒಂದೇ ಸಮನೆ ಎಳೆದುಕೊಂಡು ಬಂದ ಏಡಿ ಏಡಿಯೇ ಅಲ್ಲ, ಅಲ್ವಾ?

ಎಳೆಯುವ ಬದಲು ಸೆಳೆತಕ್ಕೆ ಬಿಡುವುದೂ ಒಂದು ವಿಧಾನ. ತೋಡಿನ ಬಾಯಿಗೆ ಮೇಲಿನಿಂದ ಎಸೆದು, ದಾರ ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಇಟ್ಟು, ತಳ ಸವರುತ್ತಾ ಹೋಗಲು ಬಿಡಿ. ಕದಡಿದ ನೀರಿಗೆ ನನ್ನ ಮತ ಇದಕ್ಕೇ.

ಅಪರೂಪಕ್ಕೆ ತೆಳುನೀರಲ್ಲಿ ತಲೆ ಕೆಳಗೆ ಬಾಲ ಮೇಲೆ ಮಾಡಿ ತಳ ಕೆದಕುವ ಮೀನು ಕಾಣುತ್ತದೆ. ಅದರ ಮೂತಿಯಿಂದ ಒಂದೆರಡು ಮೀಟರ್ ಮುಂದೆ ಬೀಳಿಸಿ, ಅದು ಹತ್ತಿರ ಬಂದಾಗ ಒಂದು ಎಳೆತ. ಮೀನು ತಿರುಗಿ ಹಿಂದೆ ಬಂತೋ, ಕೈ ನಿಲ್ಲಿಸಿ. ಫ್ಲೈ ತಳಕ್ಕೆ ಹೋಗಲಿ. ಆ ಹೊತ್ತಲ್ಲಿ ಇನ್ನೊಮ್ಮೆ ಎಳೆಯುವ ಆಸೆ ತಡೆಯುವುದು ಬಹಳ ಕಷ್ಟ.

ಕಚ್ಚಿದ್ದು ಹೊಡೆತದಂತೆ ಗೊತ್ತಾಗುವುದಿಲ್ಲ. ಪೊಂಪಾನೋ ಏಡಿಯನ್ನು ಹೀರಿ ಗಂಟಲಿನ ಗಟ್ಟಿ ಫಲಕಗಳಲ್ಲಿ ಜಜ್ಜುತ್ತದೆ. ನಿಮಗೆ ಕೈಯಲ್ಲಿ ಸಿಗುವುದು ಒಂದು ಭಾರ, ಕಸ ಸಿಕ್ಕಿದ ಹಾಗೆ. ರಾಡ್ ಎತ್ತಬೇಡಿ. ಎಡಗೈಯಲ್ಲಿ ದಾರವನ್ನು ಉದ್ದಕ್ಕೆ ಎಳೆಯಿರಿ. ಗಟ್ಟಿಯಾದರೆ ಮೀನು, ಆಗ ರಾಡ್ ಎತ್ತಿ. ಗಟ್ಟಿಯಾಗದಿದ್ದರೆ ಫ್ಲೈ ಅಲ್ಲೇ ಇರುತ್ತದೆ, ಮೀನು ಮತ್ತೆ ಬರಬಹುದು. ಕೆಂಬೇರಿಯಾದರೆ ಮಾತ್ರ ಕಾಯುವ ಆಟ ಇಲ್ಲ. ರೀಲಿನ ಡ್ರ್ಯಾಗ್ (ಬ್ರೇಕ್) ಮೊದಲೇ ಬಿಗಿ ಮಾಡಿಟ್ಟು, ಮೊದಲ ಎರಡು ಮೀಟರ್‌ನಲ್ಲೇ ಬೇರಿನಿಂದ ಹೊರಗೆ ಎಳೆಯಬೇಕು.

ಕಾಲು, ಕೊಂಬು ಮಾತ್ರ ಕತ್ತರಿಸಿದ ಫ್ಲೈ ವಾಪಸ್ ಬಂದರೆ ಅದು ಪಫರ್ ಮೀನಿನ ಕೆಲಸ. ಜಾಗ ಬದಲಿಸಿ, ಇಲ್ಲದಿದ್ದರೆ ಡಬ್ಬಿ ಖಾಲಿಯಾಗುತ್ತದೆ.

ಕಾಲಿನ ಕೆಳಗೆ ಎಚ್ಚರ

ನೀರಿಗೆ ಇಳಿದರೆ ಹೆಜ್ಜೆ ಎತ್ತಿ ಇಡಬೇಡಿ, ಎಳೆದುಕೊಂಡು ನಡೆಯಿರಿ. ಮರಳಲ್ಲಿ ಮಲಗಿದ ತೊರಕೆ ಮೀನು ಸದ್ದಿಗೆ ಸರಿದು ಹೋಗುತ್ತದೆ, ತುಳಿದರೆ ಮುಳ್ಳು ಹೊಡೆಯುತ್ತದೆ. ಹೊಡೆದರೆ ಗಾಯವನ್ನು ತಡೆಯುವಷ್ಟು ಬಿಸಿನೀರಲ್ಲಿ, ಸುಮಾರು 45 ಡಿಗ್ರಿ, ಅರ್ಧ ಗಂಟೆಯಾದರೂ ಮುಳುಗಿಸಿ ಆಸ್ಪತ್ರೆಗೆ ಹೋಗಿ. ಮುರು ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಗಟ್ಟಿ ಶೂ ಬೇಕು. ಕಾಪು ದೀಪಸ್ತಂಭದ ಬಂಡೆಗಳ ಮೇಲೆ ಫೋಟೋ ಚಂದ ಬರುತ್ತದೆ, ಆದರೆ ಪಾಚಿಯ ಮೇಲೆ ನಿಂತು ಎರಡು ಕೈಯಲ್ಲಿ ಲೈನ್ ಆಡಿಸುವುದು ನನಗೆ ಸರಿ ಕಾಣುವುದಿಲ್ಲ.

ಮನೆಗೆ ಬಂದ ಮೇಲೆ ಬಳಸಿದ ಫ್ಲೈಗಳನ್ನು ಸಿಹಿನೀರಲ್ಲಿ ಅದ್ದಿ, ಹಿಂಡಿ, ಗಾಳಿಗೆ ಒಣಗಲು ಬಿಡಿ. ಒದ್ದೆ ಫ್ಲೈಯನ್ನು ನೇರ ಡಬ್ಬಿಗೆ ಹಾಕಿದರೆ ಪಕ್ಕದ ಹೊಸ ಗಾಳಗಳಿಗೂ ತುಕ್ಕು ಹಿಡಿಯುತ್ತದೆ. ಲೈನ್, ರೀಲ್, ರಾಡಿನ ಉಂಗುರಗಳಿಗೂ ಅದೇ ಸಿಹಿನೀರು. ಬಿದ್ದುಹೋದ ಕಾಲನ್ನು ಹಾಗೆಯೇ ಹೊಸದಾಗಿ ಗಂಟು ಹಾಕಬಹುದು, ಅದಕ್ಕೆ ವೈಸ್ ಕೂಡ ಬೇಡ.